ಸಾಯಬಣ್ಣನ ಶಿಕ್ಕಾ

ಸೋಲಾಪುರದ ನವೀ ಪೇಠದಲ್ಲಿ ಶಂಕರೆಪ್ಪ ಬಿರಾಜದಾರ ವಕೀಲರ ಕಚೇರಿ ಎಲ್ಲಿ ಎಂದು ಆ ಎಪ್ಪತ್ತರ ವರ್ಷಗಳಲ್ಲಿ ಹಳ್ಳಿಯವರನ್ನು ಕೇಳಿದರೆ, "ಸಾಯಬಣ್ಣ ಕೂಡ್ತಾನಲ್ಲ, ಅಲ್ಲೇ" ಎನ್ನುತ್ತಿದ್ದರು. ವಕೀಲರ ಹೆಸರಿನ ಹಿತ್ತಾಳೆ ಪಾಟಿ ಬಾಗಿಲ ಮೇಲೆ ಫಳಫಳ ಹೊಳೆಯುತ್ತಿತ್ತು, ನಿಜ. ಅದನ್ನು ಓದುವವರಾದರೂ ಎಷ್ಟು ಮಂದಿ? ಅಕ್ಕಲಕೋಟದ ಕಡೆಯಿಂದ, ಕಂದಲಗಾಂವದ ಕಡೆಯಿಂದ ಬಂದವರು ಮೆಟ್ಟಿಲು ಹತ್ತಿ ನೇರವಾಗಿ ಗುಮಾಸ್ತ ಸಾಯಬಣ್ಣನ ಮೇಜಿಗೇ ಬರುತ್ತಿದ್ದರು. ಅವರ ಮಾತು ಕನ್ನಡ, ಕಚೇರಿ ಮರಾಠಿ, ಕಾಗದ ಇಂಗ್ಲಿಷು. ಈ ಮೂರರ ನಡುವೆ ಸಿಕ್ಕಿಕೊಂಡವರಿಗೆ ಅವನೇ ದಾರಿ.

ಬಿರಾಜದಾರ ವಕೀಲರದು ಹೊಲದ ಬದುವು ಬಾಂದಿನ ತಂಟೆಗಳ ವಕೀಲಿಯಲ್ಲ. ಅವರು ಪೇಟೆಯ ವಕೀಲರು. ಚಹಾ, ಬೀಡಿ, ಚಾದರ, ಹೊಲಿಗೆ ಮಶೀನು, ಯಾವುದರ ಏಜೆನ್ಸಿ ಯಾರಿಗೆ, ಯಾರ ಹೆಸರಿನ ಬೋರ್ಡು ಯಾರ ಅಂಗಡಿಗೆ, ಯಾವ ಕಂಪನಿಯ ಶೇರು ಯಾರ ಪಾಲಿಗೆ ಎಂಬ ಕರಾರುಗಳೆಲ್ಲ ಅಲ್ಲಿ ಟೈಪಾಗುತ್ತಿದ್ದವು. ಮುಂದೆ ಜಗಳ ಬಂದರೆ ಕೋರ್ಟಿಗೆ ಅಲೆಯದೆ ಲವಾದದಲ್ಲಿ, ಅಂದರೆ ಕರಾರಿನಲ್ಲೇ ಒಪ್ಪಿಕೊಂಡಂತೆ ಒಬ್ಬ ಪಂಚರ ಮುಂದೆ ತೀರಿಸಿಕೊಳ್ಳುವ ಕೆಲಸವೂ ಅಲ್ಲಿಯದೇ.

ಸಾಯಬಣ್ಣನ ಮೇಜಿನ ಬಲಗಡೆ ಒಂದು ರಬ್ಬರಿನ ಶಿಕ್ಕಾ, ಪಕ್ಕದಲ್ಲಿ ನೀಲಿ ಶಾಯಿಯ ಡಬ್ಬಿ. ಶಿಕ್ಕಾದ ಮೇಲೆ ಹೀಗೆ ಕೆತ್ತಿತ್ತು: "ಸದರಿ ಮಜಕೂರು ಕನ್ನಡದಲ್ಲಿ ಓದಿ ಹೇಳಿದೆನು. ತಿಳಿದು ಒಪ್ಪಿದರು." ಅದರ ಕೆಳಗೆ ಅವನ ಸಹಿ. ಕಾಗದದ ಭಾಷೆ ಬಾರದವರು ಹೆಬ್ಬೆಟ್ಟು ಒತ್ತಿದಾಗ, ಅವರಿಗೆ ಅದನ್ನು ಓದಿ ತಿಳಿಸಿದವರು ಯಾರು ಎಂಬುದೂ ಕಾಗದದ ಮೇಲೆ ಇರಬೇಕು. ಇಲ್ಲದಿದ್ದರೆ ನಾಳೆ ಆ ಕಾಗದ ನಿಲ್ಲುವುದಿಲ್ಲ. ಸಾಯಬಣ್ಣ ಶಿಕ್ಕಾವನ್ನು ಬಾಯಿಯ ಹತ್ತಿರ ಹಿಡಿದು "ಹಾ" ಎಂದು ಉಸಿರು ಬಿಟ್ಟು, ಟಪ್ಪೆಂದು ಹೊಡೆಯುತ್ತಿದ್ದ. ಆ ಸದ್ದಿಗೆ ಎದುರು ಕುಳಿತವರ ಮುಖದಲ್ಲಿ ನಿರಾಳ ಮೂಡುತ್ತಿತ್ತು, ಸಾಯಬಣ್ಣನ ಮುಖದಲ್ಲಿ ಜಂಬ.

ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಚ್ಚಿಟ್ಟು ಏನಾಗಬೇಕಾಗಿದೆ? ಸಾಯಬಣ್ಣನಿಗೆ ಇಂಗ್ಲಿಷು ಬರುತ್ತಿರಲಿಲ್ಲ.

ಅಕ್ಷರ ಗೊತ್ತು. ಹೆಸರು, ತಾರೀಖು, ಊರು ಗೊತ್ತಾಗುತ್ತಿತ್ತು. ಆದರೆ ವಕೀಲರ ಇಂಗ್ಲಿಷು ಎಂದರೆ ಒಂದು ವಾಕ್ಯ ಅರ್ಧ ಪುಟ. ಅದರೊಳಗೆ ಹೊಕ್ಕರೆ ಅವನಿಗೆ ಹೊರಗೆ ಬರುವ ಬಾಗಿಲು ಸಿಗುತ್ತಿರಲಿಲ್ಲ. ಹದಿನೆಂಟು ವರ್ಷ ಅವನು ದಾಟಿದ್ದು ಒಂದು ಉಪಾಯದಿಂದ. ವಕೀಲರು ಟೈಪಿಸ್ಟನಿಗೆ ಹೇಳಿ ಬರೆಸುವಾಗ ಮರಾಠಿಯಲ್ಲಿ ಆಡುವ ನಾಲ್ಕು ಮಾತಿಗೆ ಕಿವಿಗೊಟ್ಟು, ಅದನ್ನೇ ಕನ್ನಡದಲ್ಲಿ ಎಂಟು ಮಾಡಿ, ಕಾಗದದ ಸಾಲಿನ ಮೇಲೆ ಬೆರಳಾಡಿಸುತ್ತ ಹೇಳುವುದು. ಹೆಚ್ಚಿನವರು ಅಷ್ಟನ್ನೂ ಕೇಳುತ್ತಿರಲಿಲ್ಲ. "ನೀವು ಓದೀರಲ್ಲ ಸಾಯಬಣ್ಣಾರ, ಸಾಕ್ರಿ" ಎಂದು ಹೆಬ್ಬೆಟ್ಟು ಮುಂದೆ ಚಾಚುತ್ತಿದ್ದರು. ಅದೇ ಅವನನ್ನು ಕೆಡಿಸಿತು ಎಂದರೂ ಸುಳ್ಳು. ಕೆಟ್ಟವನು ಅವನೇ. "ಇಂಗ್ಲಿಷು ನನಗ ಬರೂದಿಲ್ಲ" ಎಂಬ ಮೂರು ಮಾತು ಅವನ ಬಾಯಿಂದ ಒಂದು ದಿನವೂ ಹೊರಡಲಿಲ್ಲ.

ಈ ರೋಗ ಹಚ್ಚಿಕೊಂಡಿದ್ದು ಅಕ್ಕಲಕೋಟದಲ್ಲಿ, ಅಕ್ಕನಾಗಮ್ಮನ ಅಡಿಗೆಮನೆಯಲ್ಲಿ.

ಸಾಯಬಣ್ಣ ಚಪಳಗಾಂವದವನು. ಊರಿನಲ್ಲಿ ನಾಲ್ಕನೇ ಇಯತ್ತೆವರೆಗೆ ಕನ್ನಡ ಸಾಲಿ, ಮುಂದೆ ಅಕ್ಕಲಕೋಟದಲ್ಲಿ ಮರಾಠಿ. ಅವ್ವ ವಾರಕ್ಕೊಮ್ಮೆ ಸಂತೆಗೆ ಬರುವವರ ಕೈಯಲ್ಲಿ ಜೋಳದ ಭಾಕರಿ ಕಟ್ಟಿ ಕಳಿಸುತ್ತಿದ್ದಳು. ಮೂರನೇ ದಿನಕ್ಕೆ ಅವು ಕಲ್ಲಾಗುತ್ತಿದ್ದವು. ಅವನು ಇಳಿದುಕೊಂಡದ್ದು ಅಕ್ಕನಾಗಮ್ಮನ ಮನೆಯ ಪಡಸಾಲೆಯಲ್ಲಿ. ಗಂಡ ಭೀಮಶಾ ಸಣ್ಣ ವಯಸ್ಸಿಗೇ ತೀರಿಕೊಂಡ ಮೇಲೆ ಆಕೆ ಶೇಂಗಾ ಚಟ್ನಿ ಕುಟ್ಟಿ ಮಾರಿ ಬದುಕುತ್ತಿದ್ದಳು. ಮಕ್ಕಳಿರಲಿಲ್ಲ. ಹುಡುಗ ಕಲ್ಲು ಭಾಕರಿ ಕಡಿಯುವುದನ್ನು ಎರಡು ದಿನ ನೋಡಿ, ಮೂರನೇ ದಿನ, "ಏ ಸಾಯಬಾ, ಹಲ್ಲ ಮುರಕೋತಿ ಏನ? ಬಾ ಒಳಗ" ಎಂದು ಕರೆದು ಬಿಸಿ ಭಾಕರಿಯ ಮೇಲೆ ಚಟ್ನಿ, ಎಣ್ಣೆ ಹಾಕಿ ಕೊಟ್ಟಳು. ಆರು ವರ್ಷ ಕೊಟ್ಟಳು. ಅದಕ್ಕೆ ಆಕೆ ಕೇಳಿದ್ದು ಒಂದೇ. ತಾನು ಒರಳಿನ ಮುಂದೆ ಕೂತು ಕುಟ್ಟುವಾಗ ಅವನು ಎದುರು ಕೂತು ಗಟ್ಟಿಯಾಗಿ ಓದಬೇಕು.

"ಇಂಗ್ಲಿಷು ಓದೋ, ಕೇಳೂನು. ಚಂದ ಇರ್ತದ ಅದು."

ಇವನು ಓದುತ್ತಿದ್ದ. ಬಾಯಿಪಾಠ ಇದ್ದ ಹಸುವಿನ ಪಾಠ ಮುಗಿದ ಮೇಲೆ ಬಾಯಿಗೆ ಬಂದದ್ದನ್ನೇ ಇಂಗ್ಲಿಷಿನ ಧಾಟಿಯಲ್ಲಿ ಒದರುತ್ತಿದ್ದ. ಶಬ್ದ ಸಿಗದೆ ಸಿಕ್ಕಿಬಿದ್ದಾಗ ಎಡಗಿವಿಯ ತುದಿ ಹಿಂಡಿಕೊಳ್ಳುವುದು ಅವನ ರೂಢಿ. ಆಕೆ ಒನಕೆ ನಿಲ್ಲಿಸಿ, "ಅಬ್ಬಬ್ಬಾ, ಸಾಹೇಬ ಆಗ್ತಿ ನೀ" ಎಂದು ನಗುತ್ತಿದ್ದಳು. ಮ್ಯಾಟ್ರಿಕ್ಕಿನಲ್ಲಿ ಇಂಗ್ಲಿಷಿಗೆ ಮೂರು ಸಲ ಬಿದ್ದ. ಮೂರನೇ ಸಲ ಪಾಸಾದೆನೆಂದು ಆಕೆಗೆ ಸುಳ್ಳು ಹೇಳಿ, ಅದೇ ಸುಳ್ಳನ್ನು ಹಿಡಿದುಕೊಂಡು ಬಿರಾಜದಾರ ವಕೀಲರ ಬಾಗಿಲಿಗೆ ಬಂದ. ಮೊದಲ ಪಗಾರದಲ್ಲಿ ಒಂದು ತಗಡು ಕೊಂಡು, ಬಣ್ಣ ತಂದು, ತನ್ನ ಕೈಯಾರೆ ಬೋರ್ಡು ಬರೆದು ಆಕೆಯ ಅಂಗಡಿಗೆ ಕಟ್ಟಿದ. ಮೇಲೆ ಕನ್ನಡ, ಕೆಳಗೆ ಮರಾಠಿ: "ಅಕ್ಕನಾಗಮ್ಮನ ಶೇಂಗಾ ಚಟ್ನಿ." ಅಕ್ಷರ ಮಾತ್ರ ಮುತ್ತಿನಂಥವು, ಅದರಲ್ಲಿ ಮೋಸವಿರಲಿಲ್ಲ.

ಆ ಬೋರ್ಡು ಊರಿಗೆಲ್ಲ ಗುರುತಾಯಿತು. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಪುಣೆ, ಮುಂಬಯಿಯಿಂದ ಬರುವವರು ಗುಡಿಯಿಂದ ಹೊರಬಿದ್ದು ಮೊದಲು ಕೇಳುವುದು ಅಕ್ಕನಾಗಮ್ಮನ ಅಂಗಡಿಯನ್ನು. ಗುರುವಾರ ಮಧ್ಯಾಹ್ನಕ್ಕೇ ಡಬ್ಬಿ ಬರಿದಾಗುತ್ತಿತ್ತು.

ಸಾತಲಿಂಗಪ್ಪ ಸಾವಕಾರರ ಕಣ್ಣು ಅದರ ಮೇಲೆ ಬಿದ್ದದ್ದು ಎಪ್ಪತ್ಮೂರರಲ್ಲಿ. ಸೋಲಾಪುರದ ಹಳೆಯ ವ್ಯಾಪಾರಸ್ಥರು, ಮಾತು ಬೆಣ್ಣೆ. ಅಕ್ಕನಾಗಮ್ಮನ ಹೆಸರಿನಲ್ಲಿ ಪುಣೆ, ಮುಂಬಯಿ, ನಾಸಿಕದಲ್ಲಿ ಅಂಗಡಿಗಳನ್ನು ತೆರೆಯುವುದು, ಬೇರೆ ಬೇರೆಯವರಿಗೆ ಆ ಹೆಸರಿನ ಏಜೆನ್ಸಿ ಕೊಡುವುದು, ಅದಕ್ಕಾಗಿ ಒಂದು ಕಂಪನಿ, ಕಂಪನಿಯಲ್ಲಿ ಆಕೆಗೂ ಇಪ್ಪತ್ತು ಶೇರು. ಅಕ್ಕನಾಗಮ್ಮ ಎಲ್ಲ ಕೇಳಿ ಹೇಳಿದಳಂತೆ, "ನನಗೇನು ತಿಳೀತದರಿ ಇದು? ಕಾಗದ ಯಾರ ಕಡೆ ಆಗ್ತದ?" ಬಿರಾಜದಾರ ವಕೀಲರ ಕಡೆ ಎಂದರು. ಆಕೆಯ ಮುಖ ಅರಳಿತು. "ಹಂಗಾದ್ರ ಆತು. ಅಲ್ಲಿ ನಮ್ಮ ಸಾಯಬ ಇದ್ದಾನ."

ಕರಾರಿನ ದಿನ ಆಕೆ ಇಳಕಲ್ ಸೀರೆ ಉಟ್ಟು ಬಂದಳು. ಹದಿನಾಲ್ಕು ಪುಟದ ಕಾಗದ. ವಕೀಲರು ಅದನ್ನು ಮನೆಯಲ್ಲಿ ಕೂತು ಬರೆಸಿದ್ದರು, ಹೀಗಾಗಿ ಸಾಯಬಣ್ಣನ ಕಿವಿಗೆ ಈ ಸಲ ಏನೂ ಬಿದ್ದಿರಲಿಲ್ಲ. ಅವತ್ತು ಬೆಳಿಗ್ಗೆ ಕೋರ್ಟಿಗೆ ಹೊರಟವರು ಬಾಗಿಲಲ್ಲಿ ನಿಂತು, "ಸಾಯಬಣ್ಣಾ, ಎಂದಿನ ಏಜೆನ್ಸಿ ಕರಾರೇ ಅದ. ಅಕ್ಕನಾಗಮ್ಮ ಬಾಯೀಗೆ ಓದಿ ಹೇಳು" ಎಂದಷ್ಟೇ ಅಂದು ಹೋದರು. ಸಾವಕಾರರು ಚಹಾ, ಬಿಸಿ ಮಿರ್ಚಿ ಭಜಿ ತರಿಸಿದರು. ಸಾಯಬಣ್ಣ ಕಾಗದ ಕೈಗೆ ತೆಗೆದುಕೊಂಡ, ಮೊದಲ ಪುಟ ತಿರುವಿದ, ಎರಡನೆಯದು ತಿರುವಿದ. ಗೊತ್ತಿಲ್ಲವೆನ್ನಬಹುದಿತ್ತು. ವಕೀಲರು ಬರಲಿ, ಸಂಜೆಗೆ ಮಾಡೋಣ ಎನ್ನಬಹುದಿತ್ತು. ಆದರೆ ಎದುರಿಗೆ ಅಕ್ಕನಾಗಮ್ಮ ಕೈಕಟ್ಟಿ ಕುಳಿತು, ಒರಳಿನ ಮುಂದೆ ಕುಳಿತು ನೋಡುತ್ತಿದ್ದ ಹಾಗೆಯೇ ಅವನನ್ನು ನೋಡುತ್ತಿದ್ದಳು.

"ಕಾಕೂ, ಹಿಂಗ ಬರದದ ನೋಡು" ಎಂದು ಶುರು ಮಾಡಿದ. "ನಿನ್ನ ಹೆಸರಿಲೇ ಅವರು ದೊಡ್ಡ ಊರಾಗ ಅಂಗಡಿ ತಗೀತಾರ. ನಿನಗ ಶೇರು ಕೊಡ್ತಾರ. ಇಲ್ಲಿ ನಿನ್ನ ಅಂಗಡಿ ಹೆಂಗದ ಹಂಗ ಇರ್ತದ."

"ಹಂಗ ಬರದದೇನು?"

"ಬರದದ."

ಆಕೆ ಹೆಬ್ಬೆಟ್ಟು ಒತ್ತಿದಳು. ಸಾಯಬಣ್ಣ "ಹಾ" ಎಂದು ಉಸಿರು ಬಿಟ್ಟು ಟಪ್ಪೆಂದು ಹೊಡೆದ. ಭಜಿ ಇನ್ನೂ ಬಿಸಿಯಾಗಿದ್ದವು.

ಶೇರಿನ ಕಾಗದಕ್ಕೆ ಆಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿ, ದಿನಾ ಕುಂಕುಮ ಹಚ್ಚುತ್ತಿದ್ದಳು. ಕಂಪನಿಯ ಮುಂಬಯಿ ಪಾಕೀಟಿನ ಮೇಲೆ ಮೂಗಿಗೆ ದೊಡ್ಡ ನತ್ತು ಇಟ್ಟ ಯಾವಳೋ ಚೆಲುವೆಯ ಚಿತ್ರ ಅಚ್ಚು ಹಾಕಿದ್ದರು. ಅದನ್ನು ಬಂದವರಿಗೆಲ್ಲ ತೋರಿಸಿ, "ನೋಡ್ರಿ, ನಾ ಮುಂಬಯಿಗೆ ಹೋಗಿ ಹೆಂಗ ಬೆಳ್ಳಗಾಗೇನಿ" ಎಂದು ಹೊಟ್ಟೆ ಹಿಡಿದು ನಗುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ಸಾವಕಾರರು ಅಕ್ಕಲಕೋಟದಲ್ಲೇ, ಗುಡಿಯ ದಾರಿಯಲ್ಲೇ, ಕಂಪನಿಯ ಅಂಗಡಿ ತೆರೆದರು. ದರ್ಶನಕ್ಕೆ ಬಂದವರು ಅದನ್ನು ದಾಟಿ ಹಳೆಯ ತಗಡಿನ ಬೋರ್ಡು ಹುಡುಕಿಕೊಂಡು ಹೋಗತೊಡಗಿದರು. ತಿಂಗಳಾಗುವುದರೊಳಗೆ ಅಕ್ಕನಾಗಮ್ಮನಿಗೆ ನೋಟೀಸು ಬಂತು. ಕರಾರಿನ ಹನ್ನೊಂದನೇ ಕಲಮಿನ ಪ್ರಕಾರ ಆ ಹೆಸರು ಈಗ ಕಂಪನಿಯದು, ಆ ಹೆಸರಿನಲ್ಲಿ ಬೇರೆ ಯಾರೂ, ಖುದ್ದು ಆಕೆಯೂ, ಚಟ್ನಿ ಮಾರಬಾರದು, ಬೋರ್ಡು ಇಳಿಸಬೇಕು. ನೋಟೀಸು ಟೈಪಾದದ್ದು ಸಾಯಬಣ್ಣನ ಕಚೇರಿಯಲ್ಲಿ, ಮರಾಠಿಯಲ್ಲಿ. ಅದನ್ನು ಓದಿದಾಗಲೇ ಅವನಿಗೆ ಹನ್ನೊಂದನೇ ಕಲಮಿನಲ್ಲಿ ಏನಿತ್ತೆಂಬುದು ಗೊತ್ತಾಗಿದ್ದು. ಆ ಕಾಗದವನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿದ್ದೂ ಅವನೇ.

ಆಕೆ ಬೋರ್ಡು ಇಳಿಸಲಿಲ್ಲ. "ನನ್ನ ಹೆಸರು ನನ್ನ ಅವ್ವ ಅಪ್ಪ ಇಟ್ಟಾರ. ಯಾರಿಗಿ ಕೇಳಿ ತಗೀಲಿ?" ಎಂದಳು. ವ್ಯವಹಾರ ಲವಾದಕ್ಕೆ ಹೋಯಿತು.

ಪಂಚರನ್ನು ನೇಮಿಸುವ ಹಕ್ಕು ಕಂಪನಿಗೇ ಇತ್ತು, ಅದೂ ಆ ಹದಿನಾಲ್ಕು ಪುಟದೊಳಗಿನ ಒಂದು ಕಲಮು. ಆದರೆ ಬಂದವರು ಸಭ್ಯರು. ನಿವೃತ್ತ ಮುನಸೀಫ ಕುಲಕರ್ಣಿಯವರು, ಮರಾಠಿಯವರು, ಕನ್ನಡ ತಿಳಿಯುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಎಪ್ಪತ್ತಾರರ ಫೆಬ್ರುವರಿಯಲ್ಲಿ ರೇಲ್ವೆ ಲೈನ್ಸಿನ ಅವರ ಬಂಗಲೆಯ ವರಾಂಡಾದಲ್ಲಿ ಎಲ್ಲರೂ ಕೂಡಿದರು. ಒಂದು ಕಡೆ ಸಾವಕಾರರು, ವಕೀಲರು. ಇನ್ನೊಂದು ಕಡೆ ಅಕ್ಕನಾಗಮ್ಮ ಒಬ್ಬಳೇ. ತನಗೊಬ್ಬ ವಕೀಲ ಬೇಕೆಂದು ಆಕೆಗೆ ಹೊಳೆದೇ ಇರಲಿಲ್ಲ. ಸಾಯಬ ಇದ್ದಾನಲ್ಲ.

ಹೊರಡುವ ಮುಂಚೆ ವಕೀಲರು ಸಾಯಬಣ್ಣನಿಗೆ ಹೇಳಿದ್ದರು, "ಒಂದೇ ಪ್ರಶ್ನಿ ಬರ್ತದ. ಓದಿ ಹೇಳಿದಿ? ಹೌದು. ಮುಗೀತು." ಮನೆಯಲ್ಲಿ ಹೆಂಡತಿ ಕಸ್ತೂರಬಾಯಿ, ಲಗ್ನಕ್ಕೆ ಬಂದ ಇಬ್ಬರು ಹೆಣ್ಣುಮಕ್ಕಳು. ಸಾಯಬಣ್ಣ ರಾತ್ರಿಯೆಲ್ಲ ಅವರನ್ನೇ ನೆನೆಸಿಕೊಂಡಿದ್ದ. ನೆವಕ್ಕೆ ಅವರಾದರೂ ಬೇಕಲ್ಲ.

ಅಕ್ಕನಾಗಮ್ಮ ತನ್ನ ಮಾತು ಹೇಳಿದಳು. "ನನ್ನ ಅಂಗಡಿ ಹೆಂಗದ ಹಂಗ ಇರ್ತದ ಅಂತ ಹೇಳಿದ್ರು. ಬೋರ್ಡು ತಗೀಬೇಕಂತ ಆವತ್ತು ಹೇಳಿದ್ರ ನಾ ಬಟ್ಟು ಒತ್ತತಿದ್ದಿಲ್ರಿ." ಯಾರು ಹೇಳಿದರು ಎಂದು ಹೆಸರೆತ್ತಲಿಲ್ಲ.

ಪಂಚರು ಸಾಯಬಣ್ಣನತ್ತ ತಿರುಗಿ ಕೇಳಿದರು. ಹನ್ನೊಂದನೇ ಕಲಮನ್ನು ಈ ಬಾಯಿಯವರಿಗೆ ಓದಿ ಹೇಳಿದ್ದಿರಾ? ಅದರ ಮೇಲೇ ಎಲ್ಲವೂ ನಿಂತಿದೆ. ಹೇಳಿರದಿದ್ದರೆ ಆ ಕಲಮು ಆಕೆಯನ್ನು ಕಟ್ಟುವುದಿಲ್ಲ, ಹೆಸರು ಆಕೆಯದೇ.

"ಓದಿ ಹೇಳಿದೆನು" ಎಂದ ಸಾಯಬಣ್ಣ. ಶಿಕ್ಕಾದ ಮಾತೇ ಬಾಯಿಗೆ ಬಂತು.

ಕುಲಕರ್ಣಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಮುದುಕಿಯ ಮುಖ, ಇವನ ಮುಖ ನೋಡಿದರು. ಅವರಿಗೆ ಎಲ್ಲೋ ಏನೋ ಅನ್ನಿಸಿರಬೇಕು. ಕರಾರಿನ ಆ ಪುಟ ತೆಗೆದು ಸಾಯಬಣ್ಣನ ಮುಂದೆ ಇಟ್ಟರು. "ಆತಾ ಪುನ್ಹಾ ವಾಚಾ. ಬಾಈಂನಾ ಕಾನಡೀತ ಸಾಂಗಾ." ಈಗ ಇನ್ನೊಮ್ಮೆ ಓದಿ, ಬಾಯಿಯವರಿಗೆ ಕನ್ನಡದಲ್ಲಿ ಹೇಳಿ.

ಕಲಮಿನಲ್ಲೇನಿದೆ ಎಂಬುದು ನೋಟೀಸಿನಿಂದ ಅವನಿಗೆ ಗೊತ್ತಿತ್ತು, ನೆನಪಿನಿಂದಲೇ ಹೇಳಿ ಪಾರಾಗಬಹುದಿತ್ತು. ಆದರೆ ಮುಂದಿದ್ದ ಪುಟದಲ್ಲಿ ಮೂರು ಕಲಮುಗಳಿದ್ದವು. ಹನ್ನೊಂದು ಎಂಬ ಅಂಕಿಯ ಬದಲು ಅಲ್ಲಿದ್ದವು ಸಣ್ಣ ಸಣ್ಣ ರೋಮನ್ ಗೆರೆಗಳು. ಯಾವುದು ಎಲ್ಲಿಂದ ಶುರು, ಎಲ್ಲಿ ಮುಗಿಯುತ್ತದೆ, ಬೆರಳು ಎಲ್ಲಿಡಬೇಕು, ಒಂದೂ ತಿಳಿಯಲಿಲ್ಲ. ಬೆರಳು ಒಂದು ಸಾಲಿನ ಮೇಲೆ ಇಟ್ಟ, ಎತ್ತಿದ, ಇನ್ನೊಂದರ ಮೇಲೆ ಇಟ್ಟ. ಕೈ ತಾನಾಗಿಯೇ ಎಡಗಿವಿಗೆ ಹೋಗಿ ತುದಿಯನ್ನು ಹಿಂಡತೊಡಗಿತು. ಸಾವಕಾರರು ಕೆಮ್ಮಿದರು. ವಕೀಲರು ನೆಲ ನೋಡುತ್ತ ಕೂತರು.

"ಸಾಹೇಬ್ರ" ಎಂದಳು ಅಕ್ಕನಾಗಮ್ಮ. ಆಕೆಯ ಕಣ್ಣು ಸಾಯಬಣ್ಣನ ಕಿವಿಯ ಮೇಲಿತ್ತು. "ಬ್ಯಾಡ್ರಿ ಈಗ ಓದೂದು. ಅಂವ ಓದ್ಯಾನ. ಆವತ್ತೇ ಎಲ್ಲಾ ಓದಿ ಹೇಳ್ಯಾನ. ಬೋರ್ಡಿಂದೂ ಹೇಳಿದ್ದ. ನಾ ಮುದುಕಿ, ಮರತಬಿಟ್ಟಿದ್ದೆ. ಈಗ ನೆನಪಾತು."

"ಬಾಈ, ವಿಚಾರ ಕರೂನ ಬೋಲಾ" ಎಂದರು ಪಂಚರು, ಯೋಚನೆ ಮಾಡಿ ಮಾತಾಡಿ ಎಂದು. ಧ್ವನಿಯಲ್ಲಿ ಒಂದು ಬೇಡಿಕೆ ಇತ್ತು.

"ಮಾಡೀನ್ರಿ. ಅಂವ ಓದ್ಯಾನ."

ಆಗ ಸಾಯಬಣ್ಣ ಬಾಯಿ ತೆರೆಯಬಹುದಿತ್ತು. ಎದ್ದು ನಿಂತು "ಸುಳ್ಳು, ನಾ ಓದಿಲ್ಲ, ನನಗ ಓದಾಕ ಬರೂದಿಲ್ಲ" ಎನ್ನಬಹುದಿತ್ತು. ಥೂ, ಆ ಹೊತ್ತಿನಲ್ಲಿ ಅವನಿಗೆ ಮೊದಲು ಅನ್ನಿಸಿದ್ದು ಬಚಾವಾದೆ ಎಂದು. ಆಮೇಲೆ ಸಾಯುವವರೆಗೂ ಅವನನ್ನು ತಿಂದದ್ದು ಆ ಒಂದು ಉಸಿರಿನ ನೆಮ್ಮದಿ. ಅವನು ಪುಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅಕ್ಕನಾಗಮ್ಮನ ಹೇಳಿಕೆ ಟೈಪಾಗಿ ಬಂತು. ಆಕೆ ಹೆಬ್ಬೆಟ್ಟು ಒತ್ತಿದಳು. ವಕೀಲರು ಕಣ್ಸನ್ನೆ ಮಾಡಿದರು, ಸಾಯಬಣ್ಣ ಚೀಲದಿಂದ ಶಿಕ್ಕಾ ತೆಗೆದು ಅದರ ಕೆಳಗೂ ಟಪ್ಪೆಂದು ಹೊಡೆದ. ರೂಢಿ ನೋಡಿ, ಕೈಗೆ ನಾಚಿಕೆ ಇರುವುದಿಲ್ಲ.

ಹದಿನೈದು ದಿನಕ್ಕೆ ಪಂಚರ ನಿವಾಡೆ, ಅಂದರೆ ತೀರ್ಪು, ಬಂತು. ಹೆಸರು ಕಂಪನಿಯದು. ತಕರಾರಿದ್ದರೆ ಮೂವತ್ತು ದಿನದೊಳಗೆ ಕೋರ್ಟಿಗೆ ಹೋಗಬೇಕು. ಅಕ್ಕನಾಗಮ್ಮ ಬೋರ್ಡಿಗೆ ಸುಣ್ಣ ಬಳಿದಳೆಂದು ಅಕ್ಕಲಕೋಟದಿಂದ ಬಂದವರೊಬ್ಬರು ಹೇಳಿದರು. ಸಾಯಬಣ್ಣನ ಪಗಾರವನ್ನು ವಕೀಲರು ಆ ತಿಂಗಳಿಂದಲೇ ಹೆಚ್ಚಿಸಿದರು. ಕಸ್ತೂರಬಾಯಿ ಶೀರಾ ಮಾಡಿ ಬಡಿಸಿದಳು. ಇವನು ತಾಟು ಸರಿಸಿ ಎದ್ದ.

ಇಪ್ಪತ್ತನೆಯ ದಿನ ಅವನು ಅಕ್ಕಲಕೋಟದ ಬಸ್ಸು ಹತ್ತಿದ. ಗುರುವಾರ ಅದು. ಅಂಗಡಿಯ ಮೇಲೆ ಸುಣ್ಣದ ತಗಡು ನೇತಾಡುತ್ತಿತ್ತು. ಸುಣ್ಣದ ಹಿಂದಿನಿಂದ ಅವನದೇ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಅಕ್ಕನಾಗಮ್ಮ ಅವನನ್ನು ನೋಡಿ, "ಬಂದೇನೋ? ಬಿಸಲಾಗ ಬಂದೀ, ಒಳಗ ಕೂಡು" ಎಂದಳು, ನಿನ್ನೆ ಹೋಗಿ ಇವತ್ತು ಬಂದವನಿಗೆ ಹೇಳುವಂತೆ. ಭಾಕರಿ ಬಡಿದು ಚಟ್ನಿ, ಎಣ್ಣೆ ಹಾಕಿ ತಾಟು ಮುಂದಿಟ್ಟಳು.

"ಕಾಕೂ, ನಾ ಹೇಳಬೇಕು..."

"ಮೊದಲ ಉಣ್ಣು."

ಅವನು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಹೊರಗೆ ಪುಣೆಯ ಗಂಡ ಹೆಂಡತಿ ಬಂದು ನಿಂತರು. ಅಕ್ಕನಾಗಮ್ಮನ ಚಟ್ನಿ ಅಂಗಡಿ ಇದೇನಾ ಎಂದು ಮರಾಠಿಯಲ್ಲಿ ಕೇಳಿದರು. ಆಕೆ ರಸ್ತೆಯ ಕಡೆ ಕೈ ಮಾಡಿ, ಇಲ್ಲ, ಆ ಹೆಸರಿನದು ಅಲ್ಲಿ ಮೂಲೆಯ ದೊಡ್ಡ ಅಂಗಡಿಯಲ್ಲಿ ಸಿಗುತ್ತದೆ ಎಂದಳು. ಅವರು ಹೋದರು. ಒಳಗೆ ಸಾಯಬಣ್ಣನ ಬಾಯಲ್ಲಿ ಆಕೆಯ ಚಟ್ನಿ ತುಂಬಿತ್ತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ತಲೆ ತಗ್ಗಿಸಿ ಅತ್ತ. ನಲವತ್ತರ ಹತ್ತಿರದ ಗಂಡಸು, ತಾಟಿನ ಮುಂದೆ ಕೂತು, ಹುಡುಗನಂತೆ.

"ನನಗ ಇಂಗ್ಲಿಷು ಬರೂದಿಲ್ಲ ಕಾಕೂ."

"ಗೊತ್ತಾತು. ಅವತ್ತು ಕಿವಿ ಹಿಂಡಕೊಂಡೆಲ್ಲ, ಆವಾಗ ಗೊತ್ತಾತು." ಆಕೆ ಅವನ ತಾಟಿಗೆ ಇನ್ನಷ್ಟು ಎಣ್ಣೆ ಹಾಕಿದಳು. "ಅಷ್ಟ ಮಂದಿ ಮುಂದ ನೀ ಬಿದ್ದಿದ್ದಿ ಅಂದ್ರ ನನಗ ನೋಡಾಕ ಆಗತಿದ್ದಿಲ್ಲ. ಚಟ್ನಿ ಏನು, ನಾಕ ಮಂದಿಗಿ ಹೆಸರಿಲ್ದೂ ಮಾರ್ತದ."

ಅವನು ಅವತ್ತೇ ಸೋಲಾಪುರಕ್ಕೆ ತಿರುಗಿ, ಮರುದಿನ ಬೆಳಿಗ್ಗೆ, ಕಚೇರಿಯಲ್ಲಿ ಹತ್ತು ಮಂದಿ ಕಾದು ಕುಳಿತಿರುವಾಗ, ವಕೀಲರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಓದಿರಲಿಲ್ಲ, ಓದಲು ಬರುವುದೇ ಇಲ್ಲ, ಮ್ಯಾಟ್ರಿಕ್ಕೂ ಆಗಿಲ್ಲ. ಹತ್ತು ದಿನ ಉಳಿದಿದೆ, ಕೋರ್ಟಿನಲ್ಲಿ ಹಾಗೆಂದು ಬರೆದುಕೊಡುತ್ತೇನೆ. ಹದಿನೆಂಟು ವರ್ಷ ನುಂಗಿದ್ದು ಒಂದೇ ಉಸಿರಿಗೆ ಹೊರಬಂತು. ಕಾದು ಕುಳಿತವರು ಬಾಯಿ ಬಿಟ್ಟು ನೋಡಿದರು.

ಬಿರಾಜದಾರ ವಕೀಲರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಕಡತ ಬಿಚ್ಚಿ ಅಕ್ಕನಾಗಮ್ಮನ ಹೇಳಿಕೆ ತೆಗೆದು ತೋರಿಸಿದರು.

"ಇದು ಯಾರ ಬಟ್ಟು?"

"ಅಕ್ಕನಾಗಮ್ಮಂದ್ರಿ."

"ಏನಂದಾಳ? ನೀ ಓದಿ ಹೇಳಿದಿ ಅಂದಾಳ. ಪ್ರತಿಜ್ಞಾ ಮಾಡಿ ಅಂದಾಳ. ಕೆಳಗ ಯಾರ ಶಿಕ್ಕಾ?"

ಸಾಯಬಣ್ಣ ನೋಡಿದ. ನೀಲಿ ಶಾಯಿ, ತನ್ನ ಸಹಿ.

"ನೀ ಖರೇ ಹೇಳಿದ್ರ ಆಕಿ ಸುಳ್ಳ ಸಾಕ್ಷಿ ಹೇಳಿದಾಕಿ ಆಗ್ತಾಳ. ಆ ಮುದುಕೀನ್ನ ಕಟಕಟೆಯೊಳಗ ನಿಲ್ಲಸ್ತೀಯೇನು? ಹೇಳು, ನಾಳೇನೇ ಬರದಕೊಡೂನು."

ಸಾಯಬಣ್ಣ ಆಕೆಯ ಸಲುವಾಗಿ ಸುಮ್ಮನಾದನೋ, ತನ್ನ ಸಲುವಾಗಿಯೋ, ಅವನಿಗೇ ತಿಳಿಯಲಿಲ್ಲ. ತನ್ನ ಮೇಜಿಗೆ ಹೋಗಿ ಶಿಕ್ಕಾವನ್ನು ತಂದು ವಕೀಲರ ಮುಂದಿಟ್ಟ. ವಕೀಲರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಮರಾಠಿ ಕಾಗದಗಳಿಗಾದರೂ ಬೇಕಲ್ಲ. ಅಂದಿನಿಂದ ಯಾರಾದರೂ ಇಂಗ್ಲಿಷು ಕಾಗದ ಮುಂದೆ ಚಾಚಿದರೆ, "ನನಗ ಬರೂದಿಲ್ರಿ" ಎಂದು ಗಟ್ಟಿಯಾಗಿ, ಕೇಳಿದವರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ. ಜನ ನಂಬಲಿಲ್ಲ. ಸಾಯಬಣ್ಣಾರು ವಿನಯದ ಮನುಷ್ಯ ಎಂದರು.

ಮೂವತ್ತು ದಿನ ಕಳೆಯಿತು. ಮಳೆಗಾಲ ಬರುವ ಮುಂಚೆ ಅಕ್ಕನಾಗಮ್ಮ ಹೇಳಿಕಳಿಸಿದಳು, ಬಣ್ಣ ತಗೊಂಡು ಬಾ ಎಂದು. ಹೋದ. ತಗಡನ್ನು ಕೆಳಗಿಳಿಸಿ, ತೊಳೆದು, ಹೊಸದಾಗಿ ಬಿಳಿ ಬಳಿದು ಒಣಗಿಸಿ ಇಟ್ಟಿದ್ದಳು.

"ಬೋಳ ಬೋರ್ಡು ನೋಡಿ ಮಂದಿ ಮುಂದಕ್ಕ ಹೋಗ್ತಾರ. ಏನಾರ ಒಂದು ಬರಿ."

"ಏನ ಬರೀಲಿ ಕಾಕೂ?"

"ನಿನ್ನ ಹೆಸರ ಬರಿ."

ಕುಂಚ ಅವನ ಕೈಯಲ್ಲೇ ನಿಂತಿತು.

"ಬರಿ. ನನ್ನ ಹೆಸರಿಗಿ ಈಗ ಮಾಲಕ ಬ್ಯಾರೆ. ನನಗ ಹೊಟ್ಯಾಗ ಹುಟ್ಟಿದವರ್ಯಾರ ಅದಾರ? ನಿನ್ನ ಹೆಸರ ಮ್ಯಾಲ ಯಾರೂ ಕಾಗದ ಮಾಡಿಸಿಲ್ಲಲ್ಲ?"

ಬೇಡ ಎನ್ನುವುದಕ್ಕೆ ಅವನಿಗೆ ಯಾವ ಬಾಯಿ ಉಳಿದಿತ್ತು? ನೆಲದ ಮೇಲೆ ಕೂತು, ಮೇಲೆ ಕನ್ನಡ, ಕೆಳಗೆ ಮರಾಠಿ, ಮುತ್ತಿನಂಥ ಅಕ್ಷರದಲ್ಲಿ ಬರೆದ: "ಸಾಯಬಣ್ಣನ ಶೇಂಗಾ ಚಟ್ನಿ." ಒಣಗಿದ ಮೇಲೆ ಬೋರ್ಡನ್ನು ಎತ್ತಿ ಕಟ್ಟಿದ. ಇನ್ನು ಗುಡಿಗೆ ಬರುವವರೆಲ್ಲ ತಲೆಯೆತ್ತಿ ಓದುವುದು ಅವನನ್ನು.

ಕಟ್ಟಿ ಕೆಳಗಿಳಿಯುವಷ್ಟರಲ್ಲಿ ಗಿರಾಕಿಯೊಬ್ಬಳು ಬಂದಳು, ಹನ್ನೂರ ಕಡೆಯ ಹೆಣ್ಣುಮಗಳು. ಬೋರ್ಡು ನೋಡಿ, "ಯಾರಬೇ ಇಂವ ಸಾಯಬಣ್ಣ?" ಎಂದಳು.

"ನನ್ನ ಮಗ" ಎಂದಳು ಅಕ್ಕನಾಗಮ್ಮ, ಚಟ್ನಿ ಕಟ್ಟುತ್ತ. "ಸೋಲಾಪುರದಾಗ ವಕೀಲರ ಕಡೆ ಇದ್ದಾನ. ಮೂರು ಭಾಷಾ ಓದ್ತಾನ."